ಹತ್ತು ಜನ ಸೇರಿದರೆ ಸಭೆ: ಯೆಹೂದಿ ಪ್ರಾರ್ಥನಾ ಮಂದಿರದ ಒಂದು ವಾರ

ಯೆಹೂದಿ ಸಮುದಾಯದ ವಾರದ ಆರಾಧನೆ ಮತ್ತು ಪ್ರಾರ್ಥನಾ ಮಂದಿರದ ಚಟುವಟಿಕೆಗಳ ಕುರಿತು ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ. ಆರಂಭದಲ್ಲಿಯೇ ಒಂದು ಮಾತು ಹೇಳಬೇಕು. ಯೆಹೂದಿಗಳಲ್ಲಿ ಸಂಪ್ರದಾಯವನ್ನು ಕಟ್ಟುನಿಟ್ಟಾಗಿ ಪಾಲಿಸುವ ಆರ್ಥಡಾಕ್ಸ್, ಆಚರಣೆಗಳನ್ನು ಕಾಲಕ್ಕೆ ತಕ್ಕಂತೆ ಬದಲಿಸಿಕೊಂಡ ರಿಫಾರ್ಮ್, ಇವೆರಡರ ನಡುವಿನ ಕನ್ಸರ್ವೇಟಿವ್ ಎಂಬ ಪಂಥಗಳಿವೆ. ಆದ್ದರಿಂದ ಇಲ್ಲಿನ ಯಾವ ಉತ್ತರವೂ ಎಲ್ಲ ಮಂದಿರಗಳಿಗೂ ಒಂದೇ ರೀತಿ ಅನ್ವಯಿಸುವುದಿಲ್ಲ. ವ್ಯತ್ಯಾಸ ಮುಖ್ಯವಾದಲ್ಲಿ ಅದನ್ನು ಸೂಚಿಸಿದ್ದೇನೆ.

ಪ್ರಶ್ನೆ: ಯೆಹೂದಿಗಳ ಪವಿತ್ರ ದಿನ ಶನಿವಾರ ಎಂದು ಕೇಳಿದ್ದೇನೆ. ಆದರೆ ಅವರ ಮಂದಿರಗಳಲ್ಲಿ ಶುಕ್ರವಾರ ಸಂಜೆಯೇ ಜನ ಸೇರುತ್ತಾರೆಂದು ಇನ್ನೊಂದೆಡೆ ಓದಿದೆ. ಇವೆರಡರಲ್ಲಿ ಯಾವುದು ಸರಿ?

ಉತ್ತರ: ಎರಡೂ ಸರಿ. ಯೆಹೂದಿ ಲೆಕ್ಕದಲ್ಲಿ ದಿನ ಆರಂಭವಾಗುವುದು ಸೂರ್ಯಾಸ್ತದಿಂದ. ಬೈಬಲ್ಲಿನ ಸೃಷ್ಟಿಯ ವೃತ್ತಾಂತದಲ್ಲಿ ಪ್ರತಿ ದಿನವನ್ನೂ ಹೇಳುವಾಗ ಸಂಜೆ ಮೊದಲು, ಬೆಳಗು ಆಮೇಲೆ ಬರುವುದೇ ಇದಕ್ಕೆ ಆಧಾರ. ಹಾಗಾಗಿ ಶಬ್ಬಾತ್ ಎಂಬ ವಿಶ್ರಾಂತಿಯ ದಿನ ಶುಕ್ರವಾರ ಸೂರ್ಯ ಮುಳುಗುವುದರೊಂದಿಗೆ ತೊಡಗಿ ಶನಿವಾರ ರಾತ್ರಿ ಆಕಾಶದಲ್ಲಿ ಮೂರು ನಕ್ಷತ್ರಗಳು ಕಾಣುವವರೆಗೆ, ಅಂದರೆ ಸುಮಾರು 25 ಗಂಟೆಗಳ ಕಾಲ ಇರುತ್ತದೆ. ಶಬ್ಬಾತ್‌ನಲ್ಲಿ ಬೆಂಕಿ ಹೊತ್ತಿಸುವಂತಿಲ್ಲವಾದ್ದರಿಂದ ಮನೆಯ ದೀಪಗಳನ್ನು ಸೂರ್ಯಾಸ್ತಕ್ಕೆ 18 ನಿಮಿಷ ಮೊದಲೇ ಹಚ್ಚುವುದು ಸಾಮಾನ್ಯ ರೂಢಿ. ಜೆರುಸಲೇಮಿನಲ್ಲಿ ಈ ಅಂತರ 40 ನಿಮಿಷ. ಮಂದಿರದ ವೇಳಾಪಟ್ಟಿ ವಾರದಿಂದ ವಾರಕ್ಕೆ ಬದಲಾಗುವುದಕ್ಕೂ ಸೂರ್ಯನೇ ಕಾರಣ. ಲಂಡನ್ನಿನಂತಹ ಉತ್ತರದ ನಗರದಲ್ಲಿ ಡಿಸೆಂಬರ್ ತಿಂಗಳ ಶಬ್ಬಾತ್ ಸಂಜೆ ನಾಲ್ಕಕ್ಕೂ ಮೊದಲೇ ಬಂದುಬಿಡುತ್ತದೆ, ಜೂನ್‌ನಲ್ಲಿ ರಾತ್ರಿ ಒಂಬತ್ತು ದಾಟಿದರೂ ಬರುವುದಿಲ್ಲ. ಮಕ್ಕಳಿರುವ ಕುಟುಂಬಗಳ ಅನುಕೂಲಕ್ಕಾಗಿ ಬೇಸಿಗೆಯಲ್ಲಿ ಸೂರ್ಯಾಸ್ತಕ್ಕೆ ಕಾಯದೆ ಮುಂಚಿತವಾಗಿಯೇ ಶಬ್ಬಾತನ್ನು ಬರಮಾಡಿಕೊಳ್ಳುವ ಮಂದಿರಗಳು ಬಹಳ ಇವೆ.

ಶುಕ್ರವಾರದ ಸಭೆ ಸುಮಾರು ಒಂದು ಗಂಟೆಯದು, ಹೆಚ್ಚಿನ ಭಾಗ ಹಾಡುಗಳಿಂದಲೇ ತುಂಬಿರುತ್ತದೆ. ಇದರ ಮೊದಲ ಭಾಗಕ್ಕೆ ಕಬ್ಬಾಲತ್ ಶಬ್ಬಾತ್ ಎಂದು ಹೆಸರು. ಯೆಹೂದಿ ಪ್ರಾರ್ಥನಾ ಕ್ರಮದ ಬಹುಭಾಗ ಸಾವಿರ ವರ್ಷಗಳಿಗೂ ಹಳೆಯದಾದರೂ ಈ ಭಾಗ ಹೋಲಿಕೆಯಲ್ಲಿ ಹೊಸದು. 16ನೇ ಶತಮಾನದಲ್ಲಿ ಗಲಿಲಾಯ ಪ್ರಾಂತದ ಸಫೇದ್ ಎಂಬ ಬೆಟ್ಟದೂರಿನಲ್ಲಿ ನೆಲೆಸಿದ್ದ ಅನುಭಾವಿಗಳು ಇದನ್ನು ರೂಪಿಸಿದರು. ಕೆಲವು ಕೀರ್ತನೆಗಳನ್ನು ಹಾಡಿದ ಮೇಲೆ ಅದೇ ಬಳಗದ ಶ್ಲೋಮೋ ಅಲ್ಕಬೆತ್ಸ್ ರಚಿಸಿದ 'ಲೆಖಾ ದೋದಿ' ಎಂಬ ಹಾಡು ಬರುತ್ತದೆ. ಶಬ್ಬಾತನ್ನು ವಧುವೆಂದು ಭಾವಿಸಿ ಸ್ವಾಗತಿಸುವ ಈ ಹಾಡಿನ ಮೊದಲ ಎಂಟು ನುಡಿಗಳ ಆದ್ಯಕ್ಷರಗಳನ್ನು ಸೇರಿಸಿದರೆ ಕವಿಯ ಹೆಸರೇ ಮೂಡುತ್ತದೆ. ಕೊನೆಯ ನುಡಿಗೆ ಬಂದಾಗ ಅಲ್ಲಿಯವರೆಗೆ ಜೆರುಸಲೇಮಿನ ದಿಕ್ಕಿಗೆ ಮುಖಮಾಡಿದ್ದ ಇಡೀ ಸಭೆ ಹಿಂದಕ್ಕೆ ತಿರುಗಿ ಬಾಗಿಲಿನತ್ತ ನೋಡಿ ತಲೆಬಾಗುತ್ತದೆ. ಆ ವಾರ ಯಾರ ಮನೆಯಲ್ಲಾದರೂ ಸಾವು ಸಂಭವಿಸಿದ್ದರೆ, ಸೂತಕದಲ್ಲಿರುವವರು ಈ ಸ್ವಾಗತದ ಹಾಡು ಮುಗಿಯುವವರೆಗೆ ಹೊರಗೆ ನಿಂತಿದ್ದು, ಆಮೇಲೆ ಒಳಗೆ ಬರುವ ರೂಢಿ ಅನೇಕ ಸಾಂಪ್ರದಾಯಿಕ ಮಂದಿರಗಳಲ್ಲಿದೆ. ಅವರು ಬರುತ್ತಿದ್ದಂತೆ ನೆರೆದವರೆಲ್ಲರೂ ಸಾಂತ್ವನದ ಮಾತನ್ನು ಒಟ್ಟಾಗಿ ಹೇಳುತ್ತಾರೆ. ವಾರದ ಅತ್ಯಂತ ಸಂಭ್ರಮದ ಹಾಡು ಮತ್ತು ದುಃಖಿತರ ಪ್ರವೇಶ ಇಷ್ಟು ಹತ್ತಿರ ಹತ್ತಿರ ಇರುವುದು ನನ್ನ ದೃಷ್ಟಿಯಲ್ಲಿ ಈ ಇಡೀ ಕ್ರಮದ ಅತ್ಯಂತ ಮನುಷ್ಯ ಸಹಜವಾದ ಏರ್ಪಾಡು.

ಪ್ರಶ್ನೆ: ಶನಿವಾರ ಬೆಳಗಿನ ಆರಾಧನೆ ಮೂರು ಗಂಟೆ ನಡೆಯುತ್ತದಂತೆ. ಅಷ್ಟು ಹೊತ್ತು ಏನು ಮಾಡುತ್ತಾರೆ?

ಉತ್ತರ: ಸಾಂಪ್ರದಾಯಿಕ ಮಂದಿರಗಳಲ್ಲಿ ಎರಡೂವರೆಯಿಂದ ಮೂರು ಗಂಟೆ ಹಿಡಿಯುವುದು ನಿಜ. ರಿಫಾರ್ಮ್ ಮಂದಿರಗಳಲ್ಲಿ ಇದು ಸಾಮಾನ್ಯವಾಗಿ ಇಷ್ಟು ದೀರ್ಘವಲ್ಲ. ಮೊದಲು ಸ್ತುತಿಯ ಕೀರ್ತನೆಗಳು, ಬಳಿಕ ದೇವರು ಒಬ್ಬನೇ ಎಂದು ಸಾರುವ 'ಶೆಮಾ', ಆಮೇಲೆ ಎಲ್ಲರೂ ನಿಂತು ಮೆಲ್ಲಗೆ ಹೇಳುವ 'ಅಮೀದಾ' ಬರುತ್ತವೆ. ವಾರದ ದಿನಗಳ ಅಮೀದಾದಲ್ಲಿ ಆರೋಗ್ಯ, ಮಳೆ, ಬೆಳೆ ಮೊದಲಾದವುಗಳಿಗಾಗಿ ಬೇಡಿಕೆಗಳೂ ಸೇರಿ 19 ಭಾಗಗಳಿದ್ದರೆ ಶಬ್ಬಾತ್‌ನ ಅಮೀದಾದಲ್ಲಿ ಏಳೇ ಇವೆ. ವಿಶ್ರಾಂತಿಯ ದಿನ ದೇವರ ಮುಂದೆಯೂ ಅಹವಾಲುಗಳ ಪಟ್ಟಿ ಬಿಚ್ಚಬಾರದೆಂಬುದು ಅದರ ಹಿಂದಿನ ಭಾವನೆ.

ಆದರೆ ಬೆಳಗಿನ ಕೇಂದ್ರ ತೋರಾ ಪಠಣ, ಅಂದರೆ ಬೈಬಲ್ಲಿನ ಮೊದಲ ಐದು ಪುಸ್ತಕಗಳ ಓದು. ಪೆಟ್ಟಿಗೆಯಂತಿರುವ ಪವಿತ್ರ ಕಪಾಟಿನ ಪರದೆ ಸರಿಸಿ, ಮಖಮಲ್ಲಿನ ಹೊದಿಕೆ ತೊಡಿಸಿದ ಸುರುಳಿಯನ್ನು ಹೊರತೆಗೆದು ಸಭೆಯ ನಡುವೆ ಮೆರವಣಿಗೆಯಲ್ಲಿ ಒಯ್ಯುವಾಗ, ಹತ್ತಿರವಿದ್ದವರು ತಮ್ಮ ಹೊದ್ದ ವಸ್ತ್ರದ ಅಂಚನ್ನೋ ಕೈಯಲ್ಲಿನ ಪುಸ್ತಕವನ್ನೋ ಅದಕ್ಕೆ ತಾಗಿಸಿ ಮುತ್ತಿಡುತ್ತಾರೆ. ಬಳಿಕ ಅದನ್ನು ವೇದಿಕೆಯ ಮೇಲಿಟ್ಟು ಬಿಚ್ಚಲಾಗುತ್ತದೆ. ಚರ್ಮದ ಹಾಳೆಗಳ ಮೇಲೆ ಲಿಪಿಕಾರನೊಬ್ಬ ಕೈಯಿಂದಲೇ ಬರೆದ ಈ ಸುರುಳಿಯಲ್ಲಿ 3,04,805 ಅಕ್ಷರಗಳಿರುತ್ತವೆ. ಸ್ವರಚಿಹ್ನೆಗಳಿಲ್ಲ, ವಿರಾಮಚಿಹ್ನೆಗಳಿಲ್ಲ, ರಾಗದ ಗುರುತುಗಳಂತೂ ಇಲ್ಲವೇ ಇಲ್ಲ. ಹೀಗಾಗಿ ಓದುವವರು ಆ ವಾರದ ಭಾಗದ ಉಚ್ಚಾರಣೆಯನ್ನೂ ರಾಗವನ್ನೂ ಮೊದಲೇ ಬಾಯಿಪಾಠ ಮಾಡಿಕೊಂಡು ಬಂದಿರಬೇಕು. ಬರಹವನ್ನು ಬೆರಳಿನಿಂದ ಮುಟ್ಟುವಂತಿಲ್ಲವಾದ್ದರಿಂದ, ತುದಿಯಲ್ಲಿ ತೋರುಬೆರಳು ಚಾಚಿದ ಪುಟ್ಟ ಕೈಯ ಆಕಾರವಿರುವ ಬೆಳ್ಳಿಯ ಕಡ್ಡಿಯಿಂದ ಸಾಲುಗಳನ್ನು ಅನುಸರಿಸುತ್ತಾರೆ. ಪಕ್ಕದಲ್ಲಿ ಸ್ವರಚಿಹ್ನೆಗಳಿರುವ ಮುದ್ರಿತ ಪುಸ್ತಕ ಹಿಡಿದು ಮೇಲ್ವಿಚಾರಕರು ನಿಂತಿರುತ್ತಾರೆ. ಅರ್ಥ ಕೆಡುವಂತಹ ತಪ್ಪು ಬಂದರೆ ಅವರು ಅಲ್ಲಿಯೇ ಗಟ್ಟಿಯಾಗಿ ತಿದ್ದುತ್ತಾರೆ, ಓದುವವರು ಆ ಪದವನ್ನು ಮತ್ತೆ ಸರಿಯಾಗಿ ಓದಿ ಮುಂದುವರಿಯುತ್ತಾರೆ. ಹಿರಿಯ ವಿದ್ವಾಂಸರಾದರೂ ಇದರಿಂದ ವಿನಾಯಿತಿಯಿಲ್ಲ, ಇದನ್ನು ಯಾರೂ ಅವಮಾನವೆಂದೂ ಭಾವಿಸುವುದಿಲ್ಲ.

ಸುರುಳಿಯಲ್ಲಿಯೇ ದೋಷ ಕಂಡರೆ ನಿಯಮ ಇನ್ನೂ ಸ್ವಾರಸ್ಯಕರವಾಗಿದೆ. ಒಂದೇ ಒಂದು ಅಕ್ಷರ ಅಳಿಸಿಹೋಗಿದ್ದರೂ ಅದನ್ನು ಸುತ್ತಿಟ್ಟು ಬೇರೊಂದನ್ನು ತರುತ್ತಾರೆ. ಅಕ್ಷರ ಸರಿಯಾಗಿದೆಯೋ ಇಲ್ಲವೋ ಎಂಬ ಅನುಮಾನ ಹುಟ್ಟಿದಾಗ, ಅಕ್ಷರಗಳನ್ನು ಬಲ್ಲ ಆದರೆ ವಾಕ್ಯದ ಅರ್ಥವನ್ನು ಊಹಿಸಲಾರದ ಒಂದು ಮಗುವನ್ನು ಕರೆದು ಇದು ಯಾವ ಅಕ್ಷರವೆಂದು ಕೇಳುವ ಕ್ರಮ ಯೆಹೂದಿ ಧರ್ಮಶಾಸ್ತ್ರದಲ್ಲಿದೆ. ದೊಡ್ಡವರ ಕಣ್ಣು ಅರ್ಥದ ಬಲದಿಂದ ದೋಷವನ್ನು ತಾನಾಗಿಯೇ ಸರಿಪಡಿಸಿಕೊಂಡು ಓದಿಬಿಡುತ್ತದೆ, ಮಗು ಇದ್ದುದನ್ನು ಇದ್ದಂತೆಯೇ ಹೇಳುತ್ತದೆ ಎಂಬ ತರ್ಕವನ್ನು ಯಾವ ಮುದ್ರಣಾಲಯದ ಕರಡು ತಿದ್ದುವವರಾದರೂ ಒಪ್ಪಿಯಾರು.

ತೋರಾದ ಐದು ಪುಸ್ತಕಗಳನ್ನು 54 ಭಾಗಗಳಾಗಿ ವಿಂಗಡಿಸಿ ವರ್ಷಕ್ಕೊಮ್ಮೆ ಓದಿ ಮುಗಿಸುತ್ತಾರೆ. ಸಿಮ್ಹತ್ ತೋರಾ ಎಂಬ ಹಬ್ಬದ ದಿನ ಕೊನೆಯ ಅಧ್ಯಾಯ ಮುಗಿದ ಕೂಡಲೇ ಆದಿಕಾಂಡದ ಮೊದಲ ಸಾಲುಗಳನ್ನು ಓದುತ್ತಾರೆ. ಪ್ರತಿ ಭಾಗದ ಮೂರನೆಯ ಒಂದಂಶವನ್ನಷ್ಟೇ ಓದುತ್ತ ಮೂರು ವರ್ಷಗಳಿಗೆ ಹಂಚಿಕೊಂಡ ಮಂದಿರಗಳೂ ಇವೆ. ಶಬ್ಬಾತ್ ಬೆಳಗ್ಗೆ ಕನಿಷ್ಠ ಏಳು ಮಂದಿಯನ್ನು ಒಬ್ಬೊಬ್ಬರಾಗಿ ವೇದಿಕೆಗೆ ಕರೆಯುವುದು ಸಾಂಪ್ರದಾಯಿಕ ಕ್ರಮ. ಹದಿಮೂರು ತುಂಬಿದ ಹುಡುಗ ಬಾರ್ ಮಿತ್ಸ್ವಾ, ಅಂದರೆ ಧಾರ್ಮಿಕವಾಗಿ ವಯಸ್ಕನಾದ ಆಚರಣೆಯ ದಿನ ಮೊದಲ ಬಾರಿಗೆ ನಿಲ್ಲುವುದು ಇಲ್ಲಿಯೇ. ಓದು ಮುಗಿಯುತ್ತಿದ್ದಂತೆ ಅವನ ಮೇಲೆ ಮಿಠಾಯಿಗಳ ಮಳೆ ಸುರಿಯುತ್ತದೆ, ಚಿಕ್ಕ ಮಕ್ಕಳು ಬೆಂಚುಗಳಡಿ ನುಗ್ಗಿ ಅವನ್ನು ಆಯ್ದುಕೊಳ್ಳುತ್ತಾರೆ. ಪ್ರವಾದಿಗಳ ಗ್ರಂಥದಿಂದ ಒಂದು ಪಾಠ, ಪ್ರವಚನ, ಹೆಚ್ಚುವರಿ ಪ್ರಾರ್ಥನೆ ಇವೆಲ್ಲ ಮುಗಿದ ಬಳಿಕ ಪಕ್ಕದ ಸಭಾಂಗಣದಲ್ಲಿ ದ್ರಾಕ್ಷಾರಸದ ಮೇಲೆ ಆಶೀರ್ವಾದ ಹೇಳಿ ಎಲ್ಲರೂ ಒಟ್ಟಿಗೆ ತಿನ್ನಲು ಕೂರುತ್ತಾರೆ. ಆ ದಿನ ಅಡುಗೆ ಮಾಡುವಂತಿಲ್ಲವಾದ್ದರಿಂದ, ಶುಕ್ರವಾರವೇ ಒಲೆಯೇರಿಸಿ ಸಣ್ಣ ಉರಿಯಲ್ಲಿ ರಾತ್ರಿಯಿಡೀ ಬೇಯಲು ಬಿಟ್ಟ ಮಾಂಸ, ಕಾಳು, ಆಲೂಗಡ್ಡೆಗಳ ಚೋಲೆಂಟ್ ಪೂರ್ವ ಯುರೋಪ್ ಮೂಲದ ಸಮುದಾಯಗಳಲ್ಲಿ ಪ್ರಸಿದ್ಧ.

ಪ್ರಶ್ನೆ: ರಬ್ಬಿ ಎಂದರೆ ಪುರೋಹಿತರೇ? ಅವರು ಊರಿನಲ್ಲಿಲ್ಲದ ವಾರ ಪ್ರಾರ್ಥನೆ ನಿಂತುಹೋಗುತ್ತದೆಯೇ?

ಉತ್ತರ: ಅಲ್ಲ, ನಿಲ್ಲುವುದೂ ಇಲ್ಲ. ಜೆರುಸಲೇಮಿನ ದೇವಾಲಯದಲ್ಲಿ ಬಲಿ ಅರ್ಪಿಸುತ್ತಿದ್ದ ಪುರೋಹಿತ ವರ್ಗವೊಂದಿತ್ತು, ಕ್ರಿ.ಶ. 70ರಲ್ಲಿ ರೋಮನ್ನರು ಆ ದೇವಾಲಯವನ್ನು ಕೆಡವಿದ ಮೇಲೆ ಬಲಿಯೂ ನಿಂತಿತು. ಆ ವಂಶದವರಿಗೆ ಇಂದು ತೋರಾ ಪಠಣಕ್ಕೆ ಮೊದಲು ಕರೆಸಿಕೊಳ್ಳುವ ಗೌರವ, ಸಭೆಯನ್ನು ಹರಸುವ ಹಕ್ಕು ಮೊದಲಾದ ಕೆಲವೇ ವಿಶೇಷಗಳು ಉಳಿದಿವೆ. ರಬ್ಬಿ ಧರ್ಮಶಾಸ್ತ್ರದ ಬೋಧಕರು. ಪ್ರವಚನ ಮಾಡುತ್ತಾರೆ, ಸಂದೇಹಗಳಿಗೆ ತೀರ್ಪು ಹೇಳುತ್ತಾರೆ, ಮದುವೆ ನಡೆಸುತ್ತಾರೆ, ಆಸ್ಪತ್ರೆಗೆ ಹೋಗಿ ರೋಗಿಗಳನ್ನು ಕಾಣುತ್ತಾರೆ. ಪ್ರಾರ್ಥನೆಯನ್ನು ಮುನ್ನಡೆಸುವ ಕೆಲಸವನ್ನು ಹಜ್ಜಾನ್ ಎಂಬ ಗಾಯಕರೂ ಮಾಡಬಹುದು, ಕ್ರಮ ಗೊತ್ತಿರುವ ಸದಸ್ಯರಲ್ಲಿ ಒಬ್ಬರೂ ಮಾಡಬಹುದು.

ನಿಜವಾಗಿಯೂ ಇಲ್ಲದಿದ್ದರೆ ನಡೆಯದ್ದು ಎಂದರೆ ಮಿನ್ಯಾನ್, ಅಂದರೆ ಹತ್ತು ಮಂದಿ ವಯಸ್ಕರ ಹಾಜರಿ. ಒಂಬತ್ತು ರಬ್ಬಿಗಳಿಂದ ಮಿನ್ಯಾನ್ ಆಗದು, ಹತ್ತು ಮಂದಿ ಚಪ್ಪಲಿ ಹೊಲಿಯುವವರಿಂದ ಆಗುತ್ತದೆ ಎಂಬ ಹಳೆಯ ಮಾತೇ ಅವರಲ್ಲಿದೆ. ಹತ್ತು ಜನರಿಲ್ಲದಿದ್ದರೆ ಪ್ರತಿಯೊಬ್ಬರೂ ತಮ್ಮ ಪಾಡಿಗೆ ಪ್ರಾರ್ಥಿಸಬಹುದು, ಆದರೆ ಕ್ರಮಪ್ರಕಾರ ತೋರಾ ಪಠಣ ಮಾಡುವಂತಿಲ್ಲ, ಮೃತರಿಗಾಗಿ ಹೇಳುವ ಕಡ್ಡಿಶ್ ಕೂಡ ಹೇಳುವಂತಿಲ್ಲ. ಶನಿವಾರ ಇದು ಸಮಸ್ಯೆಯಾಗುವುದು ಅಪರೂಪ. ಪ್ರಾರ್ಥನೆ ದಿನಕ್ಕೆ ಮೂರು ಹೊತ್ತು, ವಾರದ ಏಳೂ ದಿನ ಇರುವುದರಿಂದ ಚಿಕ್ಕ ಸಮುದಾಯಗಳಿಗೆ ಕೆಲಸದ ದಿನಗಳ ಮುಂಜಾನೆಯೇ ನಿಜವಾದ ಪರೀಕ್ಷೆ. ಒಂಬತ್ತು ಮಂದಿ ಗಡಿಯಾರ ನೋಡುತ್ತ ನಿಂತಿರುತ್ತಾರೆ, ಯಾರೋ ಒಬ್ಬರು ಹತ್ತಿರದ ಮನೆಯವರಿಗೆ ಫೋನ್ ಮಾಡುತ್ತಾರೆ, ಹತ್ತನೆಯವರು ಕೋಟಿನ ಗುಂಡಿ ಹಾಕಿಕೊಳ್ಳುತ್ತ ಬಂದ ಮೇಲೆಯೇ ಉಳಿದದ್ದು ಮುಂದುವರಿಯುತ್ತದೆ.

ಕಡ್ಡಿಶ್ ಬಗ್ಗೆ ಇನ್ನೆರಡು ಮಾತು ಹೇಳಬೇಕು. ಅರಾಮಿಕ್ ಭಾಷೆಯ ಈ ಪ್ರಾರ್ಥನೆಯಲ್ಲಿ ಸಾವಿನ ಪ್ರಸ್ತಾಪವೇ ಇಲ್ಲ, ಇರುವುದು ಮುಖ್ಯವಾಗಿ ದೇವರ ಸ್ತುತಿ. ತಂದೆ ಅಥವಾ ತಾಯಿ ತೀರಿಕೊಂಡಾಗ ಮಕ್ಕಳು ಇದನ್ನು 11 ತಿಂಗಳು ಪ್ರತಿದಿನ ಹೇಳುವುದು ರೂಢಿ. ಹತ್ತು ಜನರ ನಿಯಮ ಇದಕ್ಕೂ ಇರುವುದರಿಂದ, ದುಃಖದಲ್ಲಿರುವವರು ಮನೆಯೊಳಗೆ ಒಂಟಿಯಾಗಿ ಕೂರದೆ ದಿನವೂ ಜನರ ನಡುವೆ ಬರಲೇಬೇಕಾಗುತ್ತದೆ. ಜೊತೆಗೆ, ಯಾರೋ ಒಬ್ಬರ ತಾಯಿಗಾಗಿ ಇನ್ನೊಂಬತ್ತು ಮಂದಿ ನಸುಕಿನಲ್ಲೇ ಏಳಬೇಕಾಗುತ್ತದೆ. ಪ್ರಾರ್ಥನೆ ಬೇರೆ, ಸಮುದಾಯದ ಕೆಲಸ ಬೇರೆ ಎಂದು ಅನೇಕ ಪ್ರಶ್ನೆಗಳಲ್ಲಿ ಓದುಗರು ವಿಂಗಡಿಸಿ ಕೇಳಿದ್ದಾರೆ. ಅಂತಹ ವಿಂಗಡಣೆ ಇಲ್ಲಿ ಹೆಚ್ಚು ದೂರ ಸಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿದಿಲ್ಲ.

ಪ್ರಶ್ನೆ: ಆ ಹತ್ತು ಜನರಲ್ಲಿ ಮಹಿಳೆಯರ ಎಣಿಕೆ ಇದೆಯೇ?

ಉತ್ತರ: ಆರ್ಥಡಾಕ್ಸ್ ಮಂದಿರಗಳಲ್ಲಿ ಇಲ್ಲ, ಅಲ್ಲಿ ಹದಿಮೂರು ದಾಟಿದ ಪುರುಷರನ್ನು ಮಾತ್ರ ಎಣಿಸುತ್ತಾರೆ, ಪುರುಷರೂ ಮಹಿಳೆಯರೂ ಅಡ್ಡತೆರೆಯ ಆಚೀಚೆ ಅಥವಾ ಮಹಡಿಯಲ್ಲಿ ಪ್ರತ್ಯೇಕವಾಗಿ ಕೂರುತ್ತಾರೆ. ರಿಫಾರ್ಮ್ ಪಂಥದಲ್ಲಿ ಭೇದವಿಲ್ಲ. ಕನ್ಸರ್ವೇಟಿವ್ ಪಂಥದ ಧರ್ಮಶಾಸ್ತ್ರ ಸಮಿತಿ 1973ರಲ್ಲಿ ಮಹಿಳೆಯರನ್ನೂ ಎಣಿಸಲು ಅವಕಾಶ ನೀಡಿತು. ಹುಡುಗಿಯೊಬ್ಬಳು ಸಭೆಯ ಎದುರು ತೋರಾ ಭಾಗವನ್ನು ಓದಿ ಬಾತ್ ಮಿತ್ಸ್ವಾ ಆಚರಿಸಿದ್ದು ಅಮೆರಿಕದಲ್ಲಿ ಮೊದಲಿಗೆ 1922ರಲ್ಲಿ, ನ್ಯೂಯಾರ್ಕಿನಲ್ಲಿ. ಆಕೆ ಜುಡಿತ್ ಕಪ್ಲಾನ್. ರಬ್ಬಿಯಾಗಿ ದೀಕ್ಷೆ ಪಡೆದ ಮೊದಲ ಮಹಿಳೆ ರೆಗಿನಾ ಯೋನಾಸ್ 1935ರಲ್ಲಿ ಜರ್ಮನಿಯಲ್ಲಿ ಆ ಸ್ಥಾನಕ್ಕೇರಿದರು, 1944ರಲ್ಲಿ ನಾಜಿಗಳ ಆಶ್ವಿಟ್ಜ್ ಶಿಬಿರದಲ್ಲಿ ಕೊಲೆಯಾದರು. ಅವರ ಹೆಸರು ದಶಕಗಳ ಕಾಲ ಬಹುತೇಕ ಮರೆತುಹೋಗಿತ್ತು; 1972ರಲ್ಲಿ ಅಮೆರಿಕದಲ್ಲಿ ಸ್ಯಾಲಿ ಪ್ರೀಸ್ಯಾಂಡ್ ದೀಕ್ಷೆ ಪಡೆದಾಗ ಅದನ್ನೇ ಮೊದಲೆಂದು ತಿಳಿದವರು ಬಹಳ ಮಂದಿ.

ಪ್ರಶ್ನೆ: ಶಬ್ಬಾತ್ ದಿನ ಹಣ ಮುಟ್ಟಬಾರದೆಂದರೆ ಮಂದಿರಕ್ಕೆ ಕಾಣಿಕೆ ಸಂಗ್ರಹಿಸುವುದು ಹೇಗೆ?

ಉತ್ತರ: ಸಭೆಯ ನಡುವೆ ತಟ್ಟೆ ಹಿಡಿದು ಬರುವ ಪದ್ಧತಿಯೇ ಇಲ್ಲ. ಅನೇಕ ದೇಶಗಳಲ್ಲಿ ಕುಟುಂಬಗಳು ವಾರ್ಷಿಕ ಸದಸ್ಯತ್ವ ಶುಲ್ಕ ಕೊಡುತ್ತವೆ, ಚುನಾಯಿತ ಮಂಡಳಿ ಅದರಿಂದ ರಬ್ಬಿಯ ಸಂಬಳ, ಕಟ್ಟಡದ ಖರ್ಚು, ಮಕ್ಕಳ ಶಾಲೆ ಇವುಗಳನ್ನು ನಿಭಾಯಿಸುತ್ತದೆ. ವೇದಿಕೆಗೆ ಕರೆಸಿಕೊಂಡವರು ದೇಣಿಗೆಯನ್ನು ಬಾಯಿಮಾತಿನಲ್ಲಿ ಘೋಷಿಸಿ ವಾರದ ದಿನದಲ್ಲಿ ಪಾವತಿಸಬಹುದು. ಬರೆಯುವುದೂ ನಿಷಿದ್ಧವಾದ್ದರಿಂದ, ಅಂಚಿನಲ್ಲಿ ಬೇರೆ ಬೇರೆ ಮೊತ್ತಗಳನ್ನು ಮುದ್ರಿಸಿದ ಚೀಟಿಗಳನ್ನು ಹಂಚಿ, ಕೊಡಬಯಸುವ ಮೊತ್ತದ ಮೂಲೆಯನ್ನು ಮಡಚುವಂತೆ ಕೇಳುವ ಜಾಣ ಉಪಾಯವನ್ನು ಯೋಮ್ ಕಿಪ್ಪೂರ್ ಎಂಬ ಪ್ರಾಯಶ್ಚಿತ್ತದ ದಿನದಂತಹ ದಿನಗಳಲ್ಲಿ ಕೆಲವು ಮಂದಿರಗಳು ಕಂಡುಕೊಂಡಿವೆ.

ಪ್ರಶ್ನೆ: ಪ್ರಾರ್ಥನೆಯ ಹೊರತಾಗಿ ಮಂದಿರದಲ್ಲಿ ಇನ್ನೇನು ನಡೆಯುತ್ತದೆ? ಇವೆಲ್ಲ ಇತ್ತೀಚಿನ ಸೇರ್ಪಡೆಗಳೇ?

ಉತ್ತರ: ಇತ್ತೀಚಿನವಲ್ಲ. ಜೆರುಸಲೇಮಿನ ಉತ್ಖನನದಲ್ಲಿ ದೊರೆತ, ಒಂದನೇ ಶತಮಾನದ್ದೆಂದು ಬಹುತೇಕ ವಿದ್ವಾಂಸರು ಒಪ್ಪುವ ಗ್ರೀಕ್ ಶಾಸನವೊಂದಿದೆ. ಥಿಯೊಡೋಟಸ್ ಎಂಬಾತ ಸಭಾಮಂದಿರವನ್ನು ಕಟ್ಟಿಸಿದ್ದು ಧರ್ಮಶಾಸ್ತ್ರವನ್ನು ಓದಲು, ಆಜ್ಞೆಗಳನ್ನು ಕಲಿಸಲು, ಅದರ ಜೊತೆಗೆ ಹೊರಗಿನಿಂದ ಬಂದವರಿಗೆ ಕೋಣೆಗಳನ್ನೂ ನೀರಿನ ವ್ಯವಸ್ಥೆಯನ್ನೂ ಒದಗಿಸಲು ಎಂದು ಅದರಲ್ಲಿ ಕೆತ್ತಲಾಗಿದೆ. ಪಾಠಶಾಲೆ ಮತ್ತು ಛತ್ರ ಎರಡೂ ಅಂದೇ ಮಂದಿರದ ಭಾಗವಾಗಿದ್ದವು.

ಇಂದಿನ ಚಟುವಟಿಕೆಗಳಲ್ಲಿ ಮೊದಲ ಸ್ಥಾನ ಅಧ್ಯಯನಕ್ಕೆ. ಇಬ್ಬರು ಎದುರುಬದುರು ಕುಳಿತು, ಒಂದೇ ಪುಟದ ಮೇಲೆ ಗಟ್ಟಿ ಧ್ವನಿಯಲ್ಲಿ ವಾದಿಸುತ್ತ ತಾಲ್ಮುದ್ ಎಂಬ ಪ್ರಾಚೀನ ಧರ್ಮಶಾಸ್ತ್ರ ಚರ್ಚೆಗಳ ಗ್ರಂಥವನ್ನು ಓದುವ ಕ್ರಮ ಹಳೆಯದು. ಹೊರಗಿನವರಿಗೆ ಅದು ಜಗಳದಂತೆ ಕೇಳಿಸೀತು. ದಿನಕ್ಕೊಂದು ಹಾಳೆಯಂತೆ ಇಡೀ ತಾಲ್ಮುದನ್ನು ಜಗತ್ತಿನಾದ್ಯಂತ ಎಲ್ಲರೂ ಏಕಕಾಲಕ್ಕೆ ಓದುವ 'ದಫ್ ಯೋಮಿ' ಯೋಜನೆ 1923ರಲ್ಲಿ ಪೋಲೆಂಡಿನ ರಬ್ಬಿ ಮೇಯರ್ ಶಪಿರೋ ಅವರ ಸಲಹೆಯಿಂದ ಆರಂಭವಾಯಿತು. 2,711 ಹಾಳೆಗಳನ್ನು ಮುಗಿಸಲು ಸುಮಾರು ಏಳೂವರೆ ವರ್ಷ ಬೇಕು. 2020ರ ಜನವರಿಯಲ್ಲಿ ತೊಡಗಿದ ಹದಿನಾಲ್ಕನೆಯ ಸುತ್ತು 2027ರಲ್ಲಿ ಮುಗಿಯಬೇಕಾಗಿದೆ. ಮಕ್ಕಳಿಗೆ ಹೀಬ್ರೂ ಅಕ್ಷರಗಳು, ಪ್ರಾರ್ಥನೆಗಳು, ಹಬ್ಬಗಳ ಕಥೆಗಳನ್ನು ಕಲಿಸುವ ತರಗತಿಗಳು ಹಲವೆಡೆ ಭಾನುವಾರ ನಡೆಯುತ್ತವೆ.

ಎರಡನೆಯದು ಕಷ್ಟಕಾಲದ ನೆರವು. ರೋಗಿಗಳನ್ನು ನೋಡಿಬರುವ ತಂಡ, ಬಡ್ಡಿಯಿಲ್ಲದೆ ಸಾಲ ಕೊಡುವ ನಿಧಿ, ಹೆರಿಗೆಯಾದ ಮನೆಗೆ ಸರದಿಯಂತೆ ಊಟ ತಲುಪಿಸುವ ವ್ಯವಸ್ಥೆ ಇವು ಸಾಮಾನ್ಯ. ಇವೆಲ್ಲಕ್ಕಿಂತ ಗಂಭೀರವಾದದ್ದು ಹೆವ್ರಾ ಕಡಿಶಾ ಎಂಬ ಅಂತ್ಯಕ್ರಿಯೆಯ ಬಳಗ. ಇದರ ಸದಸ್ಯರು ಸಾಮಾನ್ಯವಾಗಿ ಸ್ವಯಂಸೇವಕರು. ಗಂಡಸರ ದೇಹವನ್ನು ಗಂಡಸರೂ ಹೆಂಗಸರ ದೇಹವನ್ನು ಹೆಂಗಸರೂ ನಿಯಮದಂತೆ ತೊಳೆದು, ಬಡವ ಬಲ್ಲಿದ ಎಂಬ ಭೇದವಿಲ್ಲದೆ ಒಂದೇ ರೀತಿಯ ಸರಳ ಬಿಳಿ ಬಟ್ಟೆ ತೊಡಿಸುತ್ತಾರೆ. ತೊಳೆಯುವಾಗಲೂ ದೇಹವನ್ನು ಪೂರ್ತಿ ಬರಿದಾಗಿ ಬಿಡುವುದಿಲ್ಲ, ಅನಗತ್ಯ ಮಾತಾಡುವುದಿಲ್ಲ, ಕೆಲಸ ಮುಗಿದ ಮೇಲೆ ಮೃತರ ಹೆಸರು ಹಿಡಿದು ಕ್ಷಮೆ ಕೇಳುತ್ತಾರೆ. ಉಪಕಾರ ಪಡೆದವರು ಅದನ್ನು ತೀರಿಸಲಾರರಾದ್ದರಿಂದ ಇದೇ ನಿಷ್ಕಾಮವಾದ ದಯೆ ಎಂದು ಸಂಪ್ರದಾಯ ಭಾವಿಸುತ್ತದೆ. ಅಂತ್ಯಕ್ರಿಯೆಯ ನಂತರದ ಏಳು ದಿನ ಕುಟುಂಬದವರು ಮನೆಯಲ್ಲಿಯೇ ತಗ್ಗಾದ ಆಸನಗಳಲ್ಲಿ ಕೂರುತ್ತಾರೆ. ಆಗ ಮಂದಿರವೇ ಅವರ ಮನೆಗೆ ಹೋಗುತ್ತದೆ: ಪುಸ್ತಕಗಳೂ ಹತ್ತು ಜನರೂ ಅಲ್ಲಿಗೇ ಬರುತ್ತಾರೆ, ಊಟ ನೆರೆಹೊರೆಯವರಿಂದ ಬರುತ್ತದೆ. ಭೇಟಿಗೆ ಬಂದವರು ದುಃಖಿತರು ಮಾತಾಡುವವರೆಗೆ ತಾವಾಗಿ ಮಾತು ತೆಗೆಯಬಾರದೆಂಬ ನಿಯಮವೂ ಇದೆ. ಅದನ್ನು ಪಾಲಿಸುವುದು ಕಷ್ಟವೆಂದು ಬೇರೆ ಹೇಳಬೇಕಾಗಿಲ್ಲ.

ಪ್ರಶ್ನೆ: ಆನ್‌ಲೈನ್ ಮೂಲಕ ಈ ಆರಾಧನೆಯನ್ನು ನೋಡಬಹುದೇ?

ಉತ್ತರ: ರಿಫಾರ್ಮ್ ಮಂದಿರಗಳು ಮತ್ತು ಹಲವು ಕನ್ಸರ್ವೇಟಿವ್ ಮಂದಿರಗಳು, ವಿಶೇಷವಾಗಿ 2020ರ ನಂತರ, ನೇರ ಪ್ರಸಾರ ಮಾಡುತ್ತವೆ. ಶಬ್ಬಾತ್‌ನಲ್ಲಿ ವಿದ್ಯುತ್ ಉಪಕರಣಗಳನ್ನು ಚಾಲೂ ಮಾಡಬಾರದೆಂಬ ನಿಯಮವಿರುವುದರಿಂದ ಆರ್ಥಡಾಕ್ಸ್ ಮಂದಿರಗಳ ಶನಿವಾರದ ಪ್ರಸಾರವನ್ನು ನಿರೀಕ್ಷಿಸುವಂತಿಲ್ಲ.

ಪ್ರಶ್ನೆ: ಯೆಹೂದಿಯಲ್ಲದ ನಾನು ವಿದೇಶ ಪ್ರವಾಸದಲ್ಲಿ ಇಂತಹ ಮಂದಿರವೊಂದಕ್ಕೆ ಹೋಗಿ ಆರಾಧನೆಯಲ್ಲಿ ಕುಳಿತುಕೊಳ್ಳಬಹುದೇ? ಹೇಗೆ ವರ್ತಿಸಬೇಕು?

ಉತ್ತರ: ಬಹುತೇಕ ಮಂದಿರಗಳಲ್ಲಿ ಅತಿಥಿಗಳಿಗೆ ಸ್ವಾಗತವಿದೆ, ಆದರೆ ಮೊದಲೇ ತಿಳಿಸಿ ಹೋಗುವುದು ಅಗತ್ಯ. 2018ರ ಅಕ್ಟೋಬರ್ 27ರಂದು, ಒಂದು ಶನಿವಾರ ಬೆಳಗ್ಗೆ, ಅಮೆರಿಕದ ಪಿಟ್ಸ್‌ಬರ್ಗ್‌ನ ಮಂದಿರವೊಂದರಲ್ಲಿ ಪ್ರಾರ್ಥನೆಗೆ ಬಂದಿದ್ದ 11 ಮಂದಿಯನ್ನು ಬಂದೂಕುಧಾರಿಯೊಬ್ಬ ಕೊಂದನು. ಹಲವು ದೇಶಗಳಲ್ಲಿ ಮಂದಿರದ ಬಾಗಿಲಲ್ಲಿ ಕಾವಲುಗಾರರಿರುವುದಕ್ಕೂ, ಚೀಲ ತಪಾಸಣೆ ಮಾಡುವುದಕ್ಕೂ, ಗುರುತಿನ ಚೀಟಿ ಕೇಳುವುದಕ್ಕೂ ಇಂತಹ ಘಟನೆಗಳೇ ಕಾರಣವಾದ್ದರಿಂದ ತಪಾಸಣೆಯನ್ನು ಅನಾದರವೆಂದು ಭಾವಿಸಬೇಡಿ.

ಮೈ ಮುಚ್ಚುವ ಸಭ್ಯ ಉಡುಪು ಸಾಕು. ಪುರುಷರು ತಲೆ ಮುಚ್ಚಿಕೊಳ್ಳಬೇಕು. ಅದಕ್ಕಾಗಿ ಬಾಗಿಲ ಬಳಿ ಪುಟ್ಟ ಟೋಪಿಗಳ ಬುಟ್ಟಿ ಇಟ್ಟಿರುತ್ತಾರೆ. ಅದರ ಹತ್ತಿರವೇ ತೂಗುಹಾಕಿರುವ, ಅಂಚಿನಲ್ಲಿ ಗಂಟುದಾರಗಳಿರುವ ಹೊದಿಕೆಗಳು ಯೆಹೂದಿಗಳಿಗೆ ಮೀಸಲು, ಅವನ್ನು ನೀವು ಹೊದೆಯಬೇಕಾಗಿಲ್ಲ. ಫೋನನ್ನು ಬಂದ್ ಮಾಡಿ ಒಳಗಿಡಿ. ಫೋಟೊ ತೆಗೆಯುವುದು, ಟಿಪ್ಪಣಿ ಬರೆದುಕೊಳ್ಳುವುದು ಬೇಡ. ಪುಸ್ತಕ ಬಲದಿಂದ ಎಡಕ್ಕೆ ತೆರೆದುಕೊಳ್ಳುತ್ತದೆ, ಪುಟ ತಪ್ಪಿದರೆ ಪಕ್ಕದವರು ತಾವಾಗಿಯೇ ತೋರಿಸುತ್ತಾರೆ. ಎಲ್ಲರೂ ಎದ್ದಾಗ ಎದ್ದು ನಿಲ್ಲಿ, ಪ್ರಾರ್ಥನೆಯ ಮಾತುಗಳನ್ನು ಹೇಳಲೇಬೇಕೆಂದೇನೂ ಇಲ್ಲ. ನಿಮ್ಮ ಸುತ್ತ ಒಬ್ಬರು ವೇಗವಾಗಿ ಗುನುಗುತ್ತ, ಇನ್ನೊಬ್ಬರು ತೂಗಾಡುತ್ತ, ಮತ್ತೊಬ್ಬರು ಪಕ್ಕದವರ ಕ್ಷೇಮ ವಿಚಾರಿಸುತ್ತ ಇದ್ದರೆ ಕ್ರಮ ತಪ್ಪಿದೆ ಎಂದು ಗಾಬರಿಯಾಗಬೇಡಿ. ಸಾಂಪ್ರದಾಯಿಕ ಸಭೆ ಇರುವುದೇ ಹಾಗೆ. ಆಹಾರ ನಿಯಮಗಳು ಕಟ್ಟುನಿಟ್ಟಾಗಿರುವುದರಿಂದ ತಿನಿಸನ್ನು ಉಡುಗೊರೆಯಾಗಿ ಒಯ್ಯಬೇಡಿ. ಮುಗಿದ ಮೇಲೆ ಅಕ್ಕಪಕ್ಕದವರು 'ಶಬ್ಬಾತ್ ಶಾಲೋಮ್' ಎಂದಾಗ ನೀವೂ ಹಾಗೆಯೇ ಹೇಳಿ, ಊಟಕ್ಕೆ ಕರೆದರೆ ಸಂಕೋಚವಿಲ್ಲದೆ ಹೋಗಿ. ಭೇಟಿಯ ವಿಚಾರವನ್ನು ಪತ್ರ ಅಥವಾ ಫೋನ್ ಮೂಲಕ ಗುರುವಾರದೊಳಗೆ ತಿಳಿಸಿಬಿಡಿ. ಶುಕ್ರವಾರ ಮಧ್ಯಾಹ್ನದ ಬಳಿಕ ಕಚೇರಿಯಲ್ಲಿ ಫೋನ್ ಎತ್ತುವವರು ಸಿಗುವುದು ಕಷ್ಟ.